ಫ್ಯಾಮಿಲಿ ಕ್ರಾಸ್‌ಓವರ್ ಕೊಳ್ಳುವುದೋ, ಗಟ್ಟಿಮುಟ್ಟು ಆಫ್‌ರೋಡ್ ಎಸ್‌ಯುವಿಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡೂ ಎತ್ತರವಾಗಿ, ದಪ್ಪವಾಗಿ ಕಾಣುತ್ತವೆ. ವ್ಯತ್ಯಾಸ ಇರುವುದು ಎಲ್ಲಿ?

ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ, ಬಗ್ಗಿ ಅಡಿಗೆ ನೋಡಬೇಕು. ಕ್ರಾಸ್‌ಓವರ್‌ನಲ್ಲಿ ಬಾಡಿಯೇ ಎಲುಬುಗೂಡು. ಉಕ್ಕಿನ ಹಾಳೆಗಳನ್ನು ಬೆಸೆದು ಮಾಡಿದ ಒಂದೇ ಪೆಟ್ಟಿಗೆ, ಅಂದರೆ ಮೊನೊಕಾಕ್. ಬಹುತೇಕ ಕ್ರಾಸ್‌ಓವರ್‌ಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ, ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ, ನಾಲ್ಕೂ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಇರುತ್ತದೆ. ಆಫ್‌ರೋಡ್ ಎಸ್‌ಯುವಿಯಲ್ಲಿ ಏಣಿಯಂಥ ಚಾಸಿ ಬೇರೆ, ಅದರ ಮೇಲೆ ರಬ್ಬರ್ ಮೌಂಟ್ ಇಟ್ಟು ಬೋಲ್ಟ್ ಮಾಡಿದ ಬಾಡಿ ಬೇರೆ. ಗೇರ್‌ಬಾಕ್ಸಿನ ಹಿಂದೆ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಅದರೊಳಗೆ ವೇಗ ತಗ್ಗಿಸಿ ಬಲ ಹೆಚ್ಚಿಸುವ ಲೋ ರೇಂಜ್ ಗೇರ್, ಸಾಮಾನ್ಯವಾಗಿ ಕನಿಷ್ಠ ಹಿಂದುಗಡೆಯಾದರೂ ಎಡಬಲ ಚಕ್ರಗಳನ್ನು ಬಿಗಿಯಾಗಿ ಜೋಡಿಸಿದ ಒಂದು ಇಡೀ ಆಕ್ಸಲ್.

ಈ ಗೆರೆ ಎಲ್ಲ ಕಡೆ ಅಷ್ಟು ಸ್ಪಷ್ಟವಾಗಿಲ್ಲ. 1977ರ ಲಾಡಾ ನಿವಾ ಮೊನೊಕಾಕ್ ಆಗಿಯೂ ಲೋ ರೇಂಜ್ ಇಟ್ಟುಕೊಂಡಿತ್ತು. 1984ರ ಜೀಪ್ ಚೆರೋಕಿಯೂ ಹಾಗೆಯೇ. ಇಂದಿನ ಲ್ಯಾಂಡ್ ರೋವರ್ ಡಿಫೆಂಡರ್‌ಗೂ ಪ್ರತ್ಯೇಕ ಚಾಸಿ ಇಲ್ಲ. ಇನ್ನೊಂದು ತುದಿಯಲ್ಲಿ 1994ರ ಟೊಯೋಟಾ ರಾವ್4 ಇದೆ. ಕಾರಿನ ಭಾಗಗಳ ಮೇಲೆ ಎತ್ತರದ ಬಾಡಿ ಕೂರಿಸಿ, ಇಂದಿನ ಕ್ರಾಸ್‌ಓವರ್‌ಗೆ ದಾರಿ ತೋರಿದ ಗಾಡಿ ಅದು. ಹಾಗಾಗಿ ಕಂಪನಿ ಅದನ್ನು ಏನೆಂದು ಕರೆಯುತ್ತದೆ ಎಂಬುದನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿ: ಲೋ ರೇಂಜ್ ಇದೆಯೇ? ಇದ್ದರೆ ಅದು ಬೇರೆ ಜಾತಿಯ ಗಾಡಿ.

ನಮಗೆ ಯಾವುದು ಬೇಕು ಎಂದು ನಿರ್ಧರಿಸುವುದು ಹೇಗೆ?

ಕಳೆದ ಹನ್ನೆರಡು ತಿಂಗಳಲ್ಲಿ ಗಾಡಿ ಎಲ್ಲೆಲ್ಲಿ ಓಡಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮುಂದೆ ಎಲ್ಲಿಗೆ ಹೋಗಬೇಕೆಂಬ ಆಸೆಯನ್ನು ಅದರಲ್ಲಿ ಸೇರಿಸಬೇಡಿ. ಪ್ರತಿ ದಾರಿಯ ಪಕ್ಕದಲ್ಲಿ ಅತಿ ಕೆಟ್ಟ ನೂರು ಮೀಟರ್ ಹೇಗಿತ್ತು ಎಂದು ಗುರುತಿಸಿ: ಜಲ್ಲಿ, ಗುಂಡಿ, ಒದ್ದೆ ಹುಲ್ಲು, ಆಳದ ಗಾಲಿಜಾಡು, ಬಂಡೆ, ಮರಳು, ನೀರು.

ಜಲ್ಲಿ, ಗುಂಡಿ, ತೆಳು ಕೆಸರು, ಒದ್ದೆ ಹುಲ್ಲು ಇಷ್ಟೇ ಇದ್ದರೆ ಕ್ರಾಸ್‌ಓವರ್ ಸಾಕು. ಒಳ್ಳೆಯ ಟಯರ್ ಇದ್ದರೆ ಸಾಕಷ್ಟಕ್ಕಿಂತ ಹೆಚ್ಚೇ. ಆಳದ ಜಾಡು, ಬಂಡೆ, ಕಡಿದಾದ ಸಡಿಲ ಏರು, ಮೆತ್ತನೆ ಮರಳು ಇವು ವರ್ಷಕ್ಕೆ ಹತ್ತು ದಿನಕ್ಕಿಂತ ಕಡಿಮೆ ಎದುರಾಗುವುದಾದರೆ, ಆ ಹತ್ತು ದಿನಕ್ಕೆ ಬಾಡಿಗೆ ಗಾಡಿ ತೆಗೆದುಕೊಂಡು ಉಳಿದ 355 ದಿನ ಮನೆಯವರನ್ನು ಆರಾಮವಾಗಿ ಕೂರಿಸುವುದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದಕ್ಕೆ ಒಂದೇ ಅಪವಾದ: ಮನೆ ಅಥವಾ ಕೆಲಸದ ಜಾಗವೇ ಅಂಥ ದಾರಿಯ ಕೊನೆಯಲ್ಲಿದ್ದರೆ ದಿನಗಳ ಲೆಕ್ಕ ಹಾಕಬೇಡಿ. ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಟಾಗ ಗಾಡಿ ದಾಟಲೇಬೇಕು.

ಆಲ್ ವೀಲ್ ಡ್ರೈವ್, ಫೋರ್ ವೀಲ್ ಡ್ರೈವ್ ಎರಡೂ ಒಂದೇ ಅಲ್ಲವೇ?

ಒಂದೇ ಅಲ್ಲ. ಸಾಮಾನ್ಯ ಕ್ರಾಸ್‌ಓವರ್‌ನಲ್ಲಿ ಹಿಂದಿನ ಆಕ್ಸಲ್‌ನ ಬಳಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟ್‌ಗಳಿರುತ್ತವೆ. ಮುಂದಿನ ಚಕ್ರ ಜಾರಿದಾಗ, ಹೊಸ ಗಾಡಿಗಳಲ್ಲಿ ಜಾರುವ ಮೊದಲೇ, ಕಂಪ್ಯೂಟರ್ ಆ ಪ್ಲೇಟ್‌ಗಳನ್ನು ಒತ್ತಿ ಹಿಂದಿನ ಚಕ್ರಕ್ಕೆ ಬಲ ಕಳಿಸುತ್ತದೆ. ಚಾಲಕ ಏನೂ ಮಾಡಬೇಕಿಲ್ಲ. ಮಳೆಯಲ್ಲಿ, ಹಿಮದಲ್ಲಿ, ಡಾಂಬರಿನ ತಿರುವಿನಲ್ಲಿ ಇದರಷ್ಟು ಅನುಕೂಲ ಬೇರೊಂದಿಲ್ಲ.

ಆಫ್‌ರೋಡ್ ಗಾಡಿಯ ಪಾರ್ಟ್‌ಟೈಮ್ ವ್ಯವಸ್ಥೆಯಲ್ಲಿ (ಚಾಲಕ ಬೇಕೆಂದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ) ಲಿವರನ್ನು 4ಎಚ್‌ಗೆ, ಅಂದರೆ ಲೋ ರೇಂಜ್ ಇಲ್ಲದ ನಾಲ್ಕು ಚಕ್ರದ ಓಟಕ್ಕೆ, ಹಾಕಿದ ಕೂಡಲೇ ಮುಂದಿನ, ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿಯಾಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಮಣ್ಣಿನಲ್ಲಾದರೆ ಟಯರ್ ಚೂರು ಜಾರಿ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಆ ಬಿಗಿತವೆಲ್ಲ ಶಾಫ್ಟ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಗಾಡಿ ಕುಪ್ಪಳಿಸುತ್ತದೆ, ಹೀಗೇ ಓಡಿಸಿದರೆ ಟ್ರಾನ್ಸ್‌ಫರ್ ಕೇಸಿನ ಚೈನ್ ಅಥವಾ ಶಾಫ್ಟ್‌ನ ಜಾಯಿಂಟ್ ಹೋಗುತ್ತದೆ. 4ಎಚ್‌ನಿಂದ ಲಿವರ್ ಹೊರಗೆ ಬರದೆ ಹಟ ಮಾಡಿದರೆ ಬಲ ಹಾಕಬೇಡಿ. ನೇರವಾಗಿ ಕೆಲವು ಮೀಟರ್ ರಿವರ್ಸ್ ಹೋಗಿ, ಬಿಗಿತ ಸಡಿಲಾಗಿ ತಾನೇ ಬರುತ್ತದೆ.

ಆಫ್‌ರೋಡ್ ಗಾಡಿಯನ್ನೇ ದಿನವೂ ಮನೆಮಂದಿಯೆಲ್ಲ ಓಡಿಸುವುದಾದರೆ ಸೆಂಟರ್ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇರುವ ಫುಲ್‌ಟೈಮ್ ಮಾದರಿ ಹುಡುಕಿ. ಒದ್ದೆ ಡಾಂಬರಿನಲ್ಲೂ ನಾಲ್ಕೂ ಚಕ್ರಕ್ಕೆ ಬಲ ಸಿಗುತ್ತದೆ, ಬೇಕಾದಾಗ ಲಾಕ್ ಮಾಡಬಹುದು.

ಲೋ ರೇಂಜ್ ಅಷ್ಟು ಮುಖ್ಯವೇ?

ಹೌದು, ಲೆಕ್ಕ ನೋಡಿ. ಮೊದಲ ಗೇರಿನ ಅನುಪಾತ 4, ಫೈನಲ್ ಡ್ರೈವ್ (ಆಕ್ಸಲ್‌ನಲ್ಲಿರುವ ಕೊನೆಯ ಗೇರ್) 4 ಎಂದುಕೊಂಡರೆ ಎಂಜಿನ್ 16 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. 2.5ರ ಲೋ ರೇಂಜ್ ಸೇರಿದರೆ 40 ಸುತ್ತಿಗೆ ಒಂದು. ಅದೇ ಎಂಜಿನ್ ಚಕ್ರಕ್ಕೆ ಎರಡೂವರೆ ಪಟ್ಟು ಬಲ ಕೊಡುತ್ತದೆ, ವೇಗ ಎರಡೂವರೆ ಪಟ್ಟು ಇಳಿಯುತ್ತದೆ. ಬಂಡೆ ಹತ್ತುವಾಗ ಓಡಿಬಂದು ಗುದ್ದುವ ಅಗತ್ಯವಿರುವುದಿಲ್ಲ, ನಡಿಗೆಗಿಂತ ನಿಧಾನವಾಗಿ ಏರಬಹುದು. ಅಡಿಭಾಗಕ್ಕೆ ಏಟು ಬೀಳುವುದು ಬಹುಪಾಲು ವೇಗದಿಂದಲೇ.

ಇಳಿಯುವಾಗ ಇದರ ಬೆಲೆ ಇನ್ನೂ ಹೆಚ್ಚು. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕ್ ತಣ್ಣಗಿರುತ್ತದೆ. ಕ್ರಾಸ್‌ಓವರ್‌ನ ಹಿಲ್ ಡಿಸೆಂಟ್ ಬಟನ್ ಇದೇ ಕೆಲಸವನ್ನು ಬ್ರೇಕಿನಿಂದ ಮಾಡಿಸುತ್ತದೆ. ಚಿಕ್ಕ ಇಳಿಜಾರಿಗೆ ಅದು ಒಳ್ಳೆಯದು. ಕಿಲೋಮೀಟರ್‌ಗಟ್ಟಲೆ ಇಳಿದರೆ ಬ್ರೇಕ್ ಕಾಯುತ್ತದೆ.

ಒಂದು ಎಚ್ಚರಿಕೆ: ಬಹಳ ಗಾಡಿಗಳಲ್ಲಿ ಲೋ ರೇಂಜ್ ಹಾಕಿದರೆ ಸ್ಥಿರತೆ ಕಾಯುವ ಇಎಸ್‌ಸಿ ತಾನೇ ಬಂದ್ ಆಗುತ್ತದೆ. ರಸ್ತೆಗೆ ಬಂದ ಮೇಲೆ ಲಿವರ್ 2ಎಚ್‌ಗೆ (ಎರಡೇ ಚಕ್ರದ ಓಟಕ್ಕೆ) ಮರಳಿದೆಯೇ, ದೀಪ ಆರಿದೆಯೇ ಎಂದು ನೋಡಿ.

ಗ್ರೌಂಡ್ ಕ್ಲಿಯರೆನ್ಸ್ 200 ಮಿಲಿಮೀಟರ್ ಇದ್ದರೆ ಸಾಕಲ್ಲವೇ?

ಆ ಒಂದು ಅಂಕಿಯನ್ನು ನಂಬಿ ಗಾಡಿ ಕೊಂಡವರು ಬಹಳ. ಮೂರು ಕೋನಗಳನ್ನೂ ನೋಡಬೇಕು: ಮುಂದೆ ಏರು ಎದುರಾದಾಗಿನ ಅಪ್ರೋಚ್, ಹಿಂದೆ ಇಳಿಯುವಾಗಿನ ಡಿಪಾರ್ಚರ್, ನಡುಹೊಟ್ಟೆಯ ಬ್ರೇಕ್‌ಓವರ್. 2018ರಲ್ಲಿ ಬಂದ ಮೂರು ಬಾಗಿಲಿನ ಸುಜುಕಿ ಜಿಮ್ನಿಯಲ್ಲಿ ಇವು 37, 49 ಮತ್ತು 28 ಡಿಗ್ರಿ. ಕ್ಲಿಯರೆನ್ಸ್ ಮಾತ್ರ 210 ಮಿಲಿಮೀಟರ್. ಅಷ್ಟೇ ಕ್ಲಿಯರೆನ್ಸ್ ಇರುವ ಕ್ರಾಸ್‌ಓವರ್‌ನ ಅಪ್ರೋಚ್ ಕೋನ ಸಾಮಾನ್ಯವಾಗಿ 20ರ ಆಸುಪಾಸಿನಲ್ಲಿರುತ್ತದೆ, ಏಕೆಂದರೆ ಬಂಪರ್ ಚಕ್ರಕ್ಕಿಂತ ಬಹಳ ಮುಂದೆ ಚಾಚಿರುತ್ತದೆ.

ಹೊಟ್ಟೆ ತಾಗುವುದನ್ನು ನೀವೇ ಅಂದಾಜು ಮಾಡಬಹುದು. ಕ್ಲಿಯರೆನ್ಸ್ ಅನ್ನು ಎರಡರಿಂದ ಗುಣಿಸಿ ವೀಲ್‌ಬೇಸ್‌ನಿಂದ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರದಿಂದ) ಭಾಗಿಸಿ, ಬಂದದ್ದರ ಟ್ಯಾನ್ ವಿಲೋಮ ತೆಗೆದು ಇಮ್ಮಡಿ ಮಾಡಿ. 200 ಮಿಲಿಮೀಟರ್ ಎತ್ತರ, 2700 ಮಿಲಿಮೀಟರ್ ವೀಲ್‌ಬೇಸ್ ಇದ್ದರೆ ಸುಮಾರು 17 ಡಿಗ್ರಿ ಬರುತ್ತದೆ. ಗಿಡ್ಡ ಗಾಡಿ ದಿಬ್ಬದ ನೆತ್ತಿ ದಾಟಿದರೆ, ಉದ್ದ ಗಾಡಿ ಅಲ್ಲೇ ಕೂರುತ್ತದೆ ಎನ್ನುವುದಕ್ಕೆ ಕಾರಣ ಇದೇ: ವೀಲ್‌ಬೇಸ್ ಉದ್ದವಾದಷ್ಟೂ ಕೋನ ಕುಗ್ಗುತ್ತದೆ.

ಇನ್ನೊಂದು ಸೂಕ್ಷ್ಮ. ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಅತಿ ತಗ್ಗಿನ ಜಾಗವೆಂದರೆ ಡಿಫರೆನ್ಷಿಯಲ್‌ನ ಉಬ್ಬು. ಅದು ಚಕ್ರಗಳ ಜೊತೆಗೇ ಏರಿಳಿಯುವುದರಿಂದ ಎಷ್ಟು ಭಾರ ಹೇರಿದರೂ ನೆಲದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ಕ್ರಾಸ್‌ಓವರ್‌ನಲ್ಲಿ ಐದು ಜನ ಕೂತು ಡಿಕ್ಕಿ ತುಂಬಿಸಿದರೆ ಹೊಟ್ಟೆಯೇ ಕೆಳಗಿಳಿಯುತ್ತದೆ. ಕೊಳ್ಳುವ ಮೊದಲು ಮನೆಯವರನ್ನೆಲ್ಲ ಕೂರಿಸಿ ಟೇಪ್ ಹಿಡಿದು ಅಳೆಯಿರಿ. ಎಂಜಿನ್ ಕೆಳಗಿನ ಕವಚ ಉಕ್ಕಿನದೋ ಪ್ಲಾಸ್ಟಿಕ್ಕೋ ಎಂದೂ ತಟ್ಟಿ ನೋಡಿ.

ಆಲ್ ವೀಲ್ ಡ್ರೈವ್ ಕ್ರಾಸ್‌ಓವರ್ ಎಲ್ಲಿ ಕೈಕೊಡುತ್ತದೆ?

ಮೆತ್ತನೆ ಮರಳಿನಲ್ಲಿ ಮೊದಲು. ಹಿಂದಿನ ಕ್ಲಚ್ ಎಡೆಬಿಡದೆ ಜಾರುತ್ತಾ ದುಡಿಯುವುದರಿಂದ ಎಣ್ಣೆ ಕಾಯುತ್ತದೆ, ಪರದೆಯ ಮೇಲೆ ಎಚ್ಚರಿಕೆ ಬಂದು ಹಿಂದಿನ ಚಕ್ರಗಳ ಬಲ ನಿಲ್ಲುತ್ತದೆ. ಸಿವಿಟಿ ಗೇರ್‌ಬಾಕ್ಸ್ (ಬೆಲ್ಟಿನಿಂದ ನಡೆಯುವ ಆಟೋಮ್ಯಾಟಿಕ್) ಇದ್ದರೆ ಅದೂ ಕಾದು ಎಂಜಿನ್ ಬಲವನ್ನು ತಗ್ಗಿಸುತ್ತದೆ. ಆಗ ಮಾಡಬೇಕಾದದ್ದು ನಿಲ್ಲಿಸಿ ಕಾಯುವುದೊಂದೇ. ಎಂಜಿನ್ ಚಾಲೂ ಇಟ್ಟು ಹದಿನೈದು ಇಪ್ಪತ್ತು ನಿಮಿಷ ತಣ್ಣಗಾಗಲು ಬಿಡಿ.

ಎರಡನೆಯದು, ಓರೆಕೋರೆ ಗುಂಡಿಗಳಲ್ಲಿ ಎದುರುಬದುರು ಮೂಲೆಯ ಎರಡು ಚಕ್ರ ಗಾಳಿಗೆ ಎದ್ದಾಗ. ಲಾಕ್ ಇಲ್ಲದ ಡಿಫರೆನ್ಷಿಯಲ್ ಬಲವನ್ನೆಲ್ಲ ಸುಲಭವಾಗಿ ತಿರುಗುವ ಚಕ್ರಕ್ಕೇ ಕೊಟ್ಟುಬಿಡುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಆ ಚಕ್ರಕ್ಕೆ ಬ್ರೇಕ್ ಹಾಕಿ ಬಲವನ್ನು ಆಚೆಗೆ ತಳ್ಳಬೇಕು. ಅದಕ್ಕೆ ಎರಡು ಮೂರು ಸೆಕೆಂಡ್ ಬೇಕು. ಬಹಳ ಜನ ಚಕ್ರ ಗಿರ್ರೆಂದ ಕೂಡಲೇ ಆಕ್ಸಿಲರೇಟರ್ ಬಿಟ್ಟುಬಿಡುತ್ತಾರೆ, ಹಾಗಾಗಿ ವ್ಯವಸ್ಥೆಗೆ ಕೆಲಸ ಮಾಡಲು ಅವಕಾಶವೇ ಸಿಗುವುದಿಲ್ಲ. ಕಾಲನ್ನು ಅಲುಗಿಸದೆ ಸಮನಾಗಿ ಒತ್ತಿ ಹಿಡಿದರೆ ಗಾಡಿ ಮೆಲ್ಲನೆ ಹೊರಬರುತ್ತದೆ. ಮರಳಿನಲ್ಲಿ ಮಾತ್ರ ಇದಕ್ಕೆ ತದ್ವಿರುದ್ಧ: ಟ್ರ್ಯಾಕ್ಷನ್ ಕಂಟ್ರೋಲ್ ಬಂದ್ ಮಾಡಿ, ಇಲ್ಲದಿದ್ದರೆ ಅದು ಎಂಜಿನ್ ಬಲ ಕಡಿದು ಗಾಡಿಯನ್ನು ಅಲ್ಲೇ ಹೂತುಬಿಡುತ್ತದೆ.

ಮಕ್ಕಳು, ಹಿರಿಯರು ಇರುವ ಮನೆಗೆ ಆಫ್‌ರೋಡ್ ಎಸ್‌ಯುವಿ ಹೊಂದುತ್ತದೆಯೇ?

ಕೆಲವು ಹೊಂದುತ್ತವೆ, ಬಹಳಷ್ಟು ಹೊಂದುವುದಿಲ್ಲ. ಚಾಸಿಯ ಮೇಲೆ ಬಾಡಿ ಕೂರುವುದರಿಂದ ಒಳಗಿನ ನೆಲವೇ ಎತ್ತರ. ಮಂಡಿನೋವು ಇರುವವರು ದಿನಕ್ಕೆ ನಾಲ್ಕು ಸಲ ಹತ್ತಿಳಿಯಬೇಕೆಂದರೆ ಆ ಎತ್ತರ ದೊಡ್ಡ ವಿಷಯ. ಸೈಡ್ ಸ್ಟೆಪ್ ಹಾಕಿಸಬಹುದು, ಆದರೆ ಅದೇ ಸ್ಟೆಪ್ ಬಂಡೆಗೆ ಮೊದಲು ತಾಗುತ್ತದೆ.

ಮಕ್ಕಳ ಸೀಟಿನ ವಿಷಯವನ್ನು ಶೋರೂಮಿನಲ್ಲೇ ಮುಗಿಸಿ. ಹಿಮ್ಮುಖವಾಗಿ ಕೂರಿಸುವ ಶಿಶು ಸೀಟನ್ನು ಹಿಂದೆ ಹಾಕಿ, ಆಮೇಲೆ ಮನೆಯಲ್ಲಿ ಅತಿ ಎತ್ತರದವರು ಅದರ ಮುಂದೆ ಕೂತು ನೋಡಲಿ. ಗಿಡ್ಡ ಗಾಡಿಗಳು ಸೋಲುವುದು ಇಲ್ಲಿಯೇ. ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳ ನಡುವಿನ ಅಂತರ ಎಲ್ಲ ಗಾಡಿಯಲ್ಲೂ 280 ಮಿಲಿಮೀಟರ್, ಆದರೆ ಅವು ಎಷ್ಟು ಸೀಟಿಗಿವೆ, ಮೇಲಿನ ಪಟ್ಟಿ ಸಿಕ್ಕಿಸುವ ಕೊಂಡಿ ಎಲ್ಲಿದೆ ಎಂಬುದು ಬೇರೆ ಬೇರೆ. ಮೂರು ಸೀಟು ಒಂದೇ ಸಾಲಿಗೆ ಬೇಕಿದ್ದರೆ ನಿಮ್ಮ ಸೀಟುಗಳ ಅಗಲ ಕೂಡಿಸಿ. 44 ಸೆಂಟಿಮೀಟರಿನ ಮೂರಕ್ಕೆ 132 ಸೆಂಟಿಮೀಟರ್ ಆಯಿತು, ಬೆಲ್ಟ್ ಸಿಕ್ಕಿಸಲು ಬೆರಳು ಹೋಗುವ ಜಾಗ ಬೇರೆ ಬೇಕು.

ಡಿಕ್ಕಿ: ಮೂರು ಬಾಗಿಲಿನ ಜಿಮ್ನಿಯಲ್ಲಿ ಹಿಂದಿನ ಸೀಟು ಎತ್ತಿದ್ದಾಗ ಸಿಗುವುದು 85 ಲೀಟರ್, ಅಂದರೆ ಎರಡು ಕೈಚೀಲ. ಸ್ಪೇರ್ ಟಯರ್ ಹಿಂಬಾಗಿಲ ಮೇಲಿದ್ದರೆ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ, ಹಿಂದೆ ಗೋಡೆಯೋ ಇನ್ನೊಂದು ಗಾಡಿಯೋ ಇದ್ದರೆ ತೆರೆಯಲಾಗದು. ಕ್ರಾಸ್‌ಓವರ್ ಕೊಳ್ಳುವವರು ಬೇರೆಯದೇ ತಪ್ಪು ಮಾಡುತ್ತಾರೆ: ಸ್ಪೇರ್ ಇದೆಯೇ ಎಂದು ನೋಡುವುದೇ ಇಲ್ಲ. ಪಂಕ್ಚರ್ ದ್ರಾವಣದ ಡಬ್ಬಿ ಮಾತ್ರ ಕೊಟ್ಟಿದ್ದರೆ, ಟಯರಿನ ಪಕ್ಕೆ ಸೀಳಿದ ದಿನ ಅದರಿಂದ ಪ್ರಯೋಜನವಿಲ್ಲ.

ದೊಡ್ಡ, ಭಾರದ ಗಾಡಿ ಹೆಚ್ಚು ಸುರಕ್ಷಿತ ತಾನೇ?

ಹಾಗೆಂದು ನಂಬಿಕೊಂಡು ಮಕ್ಕಳನ್ನು ಕೂರಿಸಬೇಡಿ. 2018ರಲ್ಲಿ ಯುರೋಪಿನ ಸುರಕ್ಷತಾ ಪರೀಕ್ಷೆಯಾದ ಯೂರೋ ಎನ್‌ಕ್ಯಾಪ್‌ನಲ್ಲಿ ಜೀಪ್ ರ‍್ಯಾಂಗ್ಲರ್‌ಗೆ ಸಿಕ್ಕಿದ್ದು ಐದರಲ್ಲಿ ಒಂದು ನಕ್ಷತ್ರ, ಜಿಮ್ನಿಗೆ ಮೂರು. ಮರುವರ್ಷ ರಾವ್4 ಐದು ಪಡೆಯಿತು. ಆಫ್‌ರೋಡ್ ಗಾಡಿಗಳೆಲ್ಲ ಹೀಗೆ ಎಂದಲ್ಲ, ಲ್ಯಾಂಡ್ ರೋವರ್ ಡಿಫೆಂಡರ್‌ಗೂ ಐದು ನಕ್ಷತ್ರ ಬಂದಿದೆ. ನೀವು ಕೊಳ್ಳುವ ಮಾದರಿಯ ಫಲಿತಾಂಶವನ್ನೇ, ಪರೀಕ್ಷೆಯ ವರ್ಷದ ಸಮೇತ, ತೆಗೆದು ನೋಡಿ.

ಪಲ್ಟಿಯಾಗುವ ಸಾಧ್ಯತೆ ಅಳೆಯಲು ಒಂದು ಸರಳ ಅನುಪಾತವಿದೆ: ಎಡಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಅಗಲ 1.6 ಮೀಟರ್, ಎತ್ತರ 0.65 ಮೀಟರ್ ಇದ್ದರೆ 1.23. ಎತ್ತರ 0.75 ಆದರೆ 1.07ಕ್ಕೆ ಇಳಿಯುತ್ತದೆ. ಸಾಮಾನ್ಯ ಕಾರುಗಳು 1.3ರಿಂದ 1.5ರ ನಡುವೆ ಇರುತ್ತವೆ. ಸಸ್ಪೆನ್ಷನ್ ಬದಲಿಸಿ ಗಾಡಿಯನ್ನು ಎತ್ತರಿಸಿ, ಮೇಲೆ ಕ್ಯಾರಿಯರ್ ತುಂಬಿಸಿದರೆ ಈ ಅಂಕಿ ಇನ್ನೂ ಕುಸಿಯುತ್ತದೆ.

ನಾಲ್ಕು ಚಕ್ರಕ್ಕೆ ಬಲ ಇರುವುದು ಹೊರಡಲು, ಏರಲು ಮಾತ್ರ. ನಿಲ್ಲಿಸುವಾಗ ಎಲ್ಲ ಗಾಡಿಗೂ ನಾಲ್ಕು ಚಕ್ರದ ಬ್ರೇಕ್ ಇದ್ದೇ ಇದೆ. ಅಲ್ಲಿ ಟಯರಿನ ಹಿಡಿತವೇ ನಿರ್ಣಾಯಕ.

ದಿನದ ಓಡಾಟ, ಇಂಧನ, ನಿರ್ವಹಣೆ ಹೇಗೆ?

ಇಡೀ ಆಕ್ಸಲ್ ಭಾರವಾದದ್ದು. ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರವೂ ಓರೆಯಾಗುತ್ತದೆ, ಹಿಂದೆ ಕೂತವರ ತಲೆ ಅತ್ತಿತ್ತ ತೂಗುತ್ತದೆ. ವಾಂತಿ ಬರುವ ಮಕ್ಕಳಿದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆದ್ದಾರಿಯಲ್ಲಿ ಪೆಟ್ಟಿಗೆಯಾಕಾರ ಗಾಳಿಯನ್ನು ಸೀಳಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80ರಲ್ಲಿ ಕಾಣದ ಇಂಧನ ವ್ಯತ್ಯಾಸ 110ರಲ್ಲಿ ಎದ್ದು ಕಾಣುತ್ತದೆ.

ಮುಂದುಗಡೆಯೂ ಇಡೀ ಆಕ್ಸಲ್ ಇರುವ ಗಾಡಿಗಳಲ್ಲಿ, 70ರಿಂದ 90 ಕಿಲೋಮೀಟರ್ ವೇಗದಲ್ಲಿ ಒಂದು ಗುಂಡಿ ತಾಗಿದ ಕೂಡಲೇ ಸ್ಟೀರಿಂಗ್ ಭಯಂಕರವಾಗಿ ನಡುಗುವುದುಂಟು. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಹಿಂದೆ ನೋಡಿ, ನೇರವಾಗಿ ವೇಗ ಇಳಿಸಿ ನಿಲ್ಲಿಸಿ. ಇದಕ್ಕೆ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಕಳಿಸುವ ಮೆಕ್ಯಾನಿಕ್‌ಗಳಿದ್ದಾರೆ. ಅದು ರೋಗವನ್ನು ಮುಚ್ಚುತ್ತದೆ ಅಷ್ಟೇ. ಗಾಡಿ ನೆಲದ ಮೇಲಿದ್ದಾಗಲೇ ಒಬ್ಬರು ಸ್ಟೀರಿಂಗ್ ಅತ್ತಿತ್ತ ತಿರುಗಿಸಲಿ, ಇನ್ನೊಬ್ಬರು ಟ್ರ್ಯಾಕ್ ಬಾರ್‌ನ (ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಚಾಸಿಗೆ ಹಿಡಿದಿಡುವ ಸರಳಿನ) ಎರಡೂ ತುದಿ ನೋಡಲಿ. ಬೋಲ್ಟಿನ ತೂತು ಅಗಲವಾಗಿದೆಯೇ, ಬುಷ್ ಸವೆದಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಬಾಲ್ ಜಾಯಿಂಟ್, ಟೈರಾಡ್ ತುದಿ, ಟಯರ್ ಬ್ಯಾಲೆನ್ಸ್.

ಎಣ್ಣೆಗಳ ಲೆಕ್ಕವೂ ಬೇರೆ. ಆಫ್‌ರೋಡ್ ಗಾಡಿಗೆ ಎರಡು ಡಿಫರೆನ್ಷಿಯಲ್, ಒಂದು ಟ್ರಾನ್ಸ್‌ಫರ್ ಕೇಸ್. ಆಲ್ ವೀಲ್ ಡ್ರೈವ್ ಕ್ರಾಸ್‌ಓವರ್‌ಗೆ ಹಿಂದಿನ ಕ್ಲಚ್ಚಿನ ಎಣ್ಣೆ ಇದೆ. ಸರ್ವಿಸ್‌ನಲ್ಲಿ ಹೆಚ್ಚಾಗಿ ಮರೆತುಹೋಗುವುದು ಅದೇ. ಕೈಪಿಡಿಯಲ್ಲಿ ಅವಧಿ ನೋಡಿಕೊಂಡು ಹೆಸರು ಹೇಳಿ ಕೇಳಿ.

ಕ್ರಾಸ್‌ಓವರ್‌ಗೆ ಆಲ್ ಟೆರೇನ್ ಟಯರ್ ಹಾಕಿಸಿದರೆ ಸಾಕಾಗುವುದೇ?

ಅನೇಕರಿಗೆ ಇದೇ ಸರಿಯಾದ ಉತ್ತರ. 225/60 ಆರ್17 ಬದಲು 225/65 ಆರ್17 ಹಾಕಿದರೆ ವ್ಯಾಸ ಸುಮಾರು 702ರಿಂದ 724 ಮಿಲಿಮೀಟರಿಗೆ ಏರುತ್ತದೆ. ಎತ್ತರ ಸಿಗುವುದು ಅದರ ಅರ್ಧ, 11 ಮಿಲಿಮೀಟರ್ ಮಾತ್ರ. ಆದರೆ ಟಯರಿನ ಪಕ್ಕೆ ಎತ್ತರವಾಗಿ ಏಟು ತಡೆಯುವ ಶಕ್ತಿ ಹೆಚ್ಚುತ್ತದೆ. ಸ್ಪೀಡೋಮೀಟರ್‌ನ ಓದು ಶೇಕಡಾ 3ರಷ್ಟು ತಗ್ಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಗಾಡಿ ತುಂಬಾ ಜನ ಕೂರಿಸಿ ಎಲ್ಲಿಯೂ ಉಜ್ಜುತ್ತಿಲ್ಲವೆಂದು ನೋಡಿ. ಲೋಡ್ ಇಂಡೆಕ್ಸ್ (ಟಯರ್ ಹೊರಬಲ್ಲ ಭಾರದ ಅಂಕಿ) ಮೂಲಕ್ಕಿಂತ ಕಡಿಮೆಯಾಗಬಾರದು, ನೆಲದ ಕಾನೂನು ಈ ಅಳತೆಗೆ ಒಪ್ಪುತ್ತದೆಯೇ ಎಂದೂ ತಿಳಿದುಕೊಳ್ಳಿ. ಸದ್ದು, ಇಂಧನ ಚೂರು ಹೆಚ್ಚುತ್ತವೆ, ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಾಕಿ ನಿಲ್ಲುವ ದೂರ ಬೆಳೆಯಬಹುದು.

ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಹೊಸದು ಎರಡು, ಸವೆದದ್ದು ಎರಡು ಹಾಕಿದರೆ ಸುತ್ತಳತೆ ಬೇರೆಯಾಗಿ ಹಿಂದಿನ ಕ್ಲಚ್ ಸದಾ ಜಾರುತ್ತಲೇ ಇರುತ್ತದೆ, ಬೇಗ ಸಾಯುತ್ತದೆ.

ಗಾಳಿಯ ಒತ್ತಡವನ್ನು ಕಲಿಯಿರಿ. ರಸ್ತೆಗೆ 33 ಪಿಎಸ್‌ಐ ಇದ್ದರೆ ಒರಟು ಜಲ್ಲಿಗೆ 26ರಿಂದ 28, ಮೆತ್ತನೆ ಮರಳಿಗೆ 16ರಿಂದ 18. ಪಕ್ಕೆ ಗಿಡ್ಡವಾದ ಟಯರಿಗೆ 20ಕ್ಕಿಂತ ಕೆಳಗೆ ಹೋಗಬೇಡಿ, ರಿಮ್ ಏಟು ತಿನ್ನುತ್ತದೆ. ಒತ್ತಡ ಇಳಿಸಿದ ಮೇಲೆ ತಿರುವುಗಳಲ್ಲಿ ನಿಧಾನ, ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಿಸಿ. ಗೇಜ್, ಕಂಪ್ರೆಸರ್ ಎರಡೂ ಗಾಡಿಯಲ್ಲಿರಲಿ.

ನೀರು ದಾಟಬಹುದೇ?

ಕೈಪಿಡಿಯಲ್ಲಿ ಆಳ ಬರೆದಿದ್ದರೆ ಅಷ್ಟೇ ಮಿತಿ. ಬರೆಯದಿದ್ದರೆ ಚಕ್ರದ ನಡುಮಟ್ಟ ಮುಟ್ಟುವ ನೀರಿಗೆ ಇಳಿಯಬೇಡಿ. ಹರಿಯುವ ನೀರಂತೂ ಬೇರೆಯೇ ವಿಷಯ: 30 ಸೆಂಟಿಮೀಟರ್ ಆಳ ಸಣ್ಣ ಕಾರನ್ನು ಕೊಚ್ಚಬಲ್ಲದು, 60 ಸೆಂಟಿಮೀಟರ್ ಎಸ್‌ಯುವಿಯನ್ನೂ. ಗಾಳಿ ಎಳೆಯುವ ಕೊಳವೆಗೆ ನೀರು ಹೋಗಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ. ಆಳದ ನೀರು ದಾಟಿದ ಮೇಲೆ ಎಣ್ಣೆ ನೋಡಿ, ಹಾಲಿನಂತಾಗಿದ್ದರೆ ಬದಲಿಸಿ.

ಬಂಪರ್, ವಿಂಚ್, ಕ್ಯಾರಿಯರ್ ಎಲ್ಲ ಹಾಕಿಸಬಹುದಲ್ಲ?

ಮೊದಲು ಲೆಕ್ಕ. ಗಾಡಿಯ ಒಟ್ಟು ಅನುಮತಿ ತೂಕದಿಂದ ಖಾಲಿ ತೂಕ ಕಳೆಯಿರಿ. 500 ಕಿಲೋ ಉಳಿಯಿತು ಎನ್ನೋಣ. ಐದು ಜನಕ್ಕೆ 375, ಸಾಮಾನಿಗೆ 60, ಉಳಿದದ್ದು 65. ಉಕ್ಕಿನ ಬಂಪರಿಗೂ ವಿಂಚಿಗೂ (ಹೂತ ಗಾಡಿ ಎಳೆಯುವ ಮೋಟಾರು ರಾಟೆ) ಅದು ಸಾಲದು. ಮಿತಿ ಮೀರಿ ಹೇರಿದರೆ ಸ್ಪ್ರಿಂಗ್ ಕೂರುತ್ತದೆ, ಬ್ರೇಕ್ ದೂರ ಬೆಳೆಯುತ್ತದೆ, ಬೇರಿಂಗ್ ಹೋಗುತ್ತದೆ. ಮೇಲ್ಛಾವಣಿಯ ಮಿತಿ ಸಾಮಾನ್ಯವಾಗಿ 100 ಕಿಲೋಗೂ ಕಡಿಮೆ, ಕ್ಯಾರಿಯರ್‌ನ ತೂಕವೂ ಅದರಲ್ಲೇ ಸೇರಿತು.

ಹೈಬ್ರಿಡ್ ಆಲ್ ವೀಲ್ ಡ್ರೈವ್ ಹೇಗೆ?

ಹಿಂದಿನ ಚಕ್ರಕ್ಕೆ ಪ್ರತ್ಯೇಕ ಮೋಟಾರ್ ಕೊಟ್ಟ ಮಾದರಿಗಳಲ್ಲಿ ನಡುವೆ ಶಾಫ್ಟ್ ಇರುವುದಿಲ್ಲ. ಒದ್ದೆ ರಸ್ತೆಗೆ, ಜಾರು ಏರಿಗೆ ಸೊಗಸು. ಆದರೆ ಹಿಂದಿನ ಬಲ ಆ ಸಣ್ಣ ಮೋಟಾರಿನಷ್ಟೇ. ಜಾಡಿನಲ್ಲಿ ಹೆಚ್ಚು ಹೊತ್ತು ದುಡಿಸಲು ಅದು ಮಾಡಿದ್ದಲ್ಲ.

ಟೆಸ್ಟ್ ಡ್ರೈವ್‌ನಲ್ಲಿ ಏನು ಮಾಡಬೇಕು?

ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಮಕ್ಕಳ ಸೀಟು, ಗಾಲಿಕುರ್ಚಿ, ದೊಡ್ಡ ಸೂಟ್‌ಕೇಸ್ ಸಮೇತ. ಅರ್ಧ ಗಂಟೆಗಿಂತ ಕಡಿಮೆ ಓಡಿಸಬೇಡಿ. ಹತ್ತು ನಿಮಿಷ ನೀವೇ ಹಿಂದೆ ಕೂತು ಗುಂಡಿ ರಸ್ತೆಯಲ್ಲಿ ಹೋಗಿ. 90ರ ವೇಗದಲ್ಲಿ ಹಿಂದಿನವರ ಮಾತು ಕೇಳಿಸುತ್ತದೆಯೇ ನೋಡಿ. ನೀವು ದಿನವೂ ನಿಲ್ಲಿಸುವ ಜಾಗದಲ್ಲೇ ಪಾರ್ಕ್ ಮಾಡಿ, ಎತ್ತರದ ಮಿತಿ ಇರುವ ನೆಲಮಾಳಿಗೆ ಇದ್ದರೆ ಅಲ್ಲಿಗೂ ಇಳಿಸಿ.

ಹಳೆಯದು ಕೊಳ್ಳುವಾಗ?

ಆಫ್‌ರೋಡ್ ಗಾಡಿಯಾದರೆ ಲಿಫ್ಟ್ ಮೇಲೆ ಎತ್ತಿಸಿ. ಚಾಸಿಯ ಒಳಮೈಗೆ ಸುತ್ತಿಗೆಯಿಂದ ತಟ್ಟಿ. ಠಣ್ ಎನ್ನದೆ ದಪ್ ಎಂದರೆ ತುಕ್ಕು. ಹೊಸದಾಗಿ ಬಳಿದ ದಪ್ಪ ಕಪ್ಪು ಬಣ್ಣವನ್ನು ಅನುಮಾನದಿಂದಲೇ ನೋಡಿ. ಮಣ್ಣಿನ ಮೇಲೆ 4ಎಚ್, 4ಎಲ್ (ಲೋ ರೇಂಜ್) ಎರಡನ್ನೂ ಹಾಕಿಸಿ, ದೀಪ ಹತ್ತುವವರೆಗೆ ಬಿಡಬೇಡಿ. ವರ್ಷಗಟ್ಟಲೆ ಬಳಸದ ಟ್ರಾನ್ಸ್‌ಫರ್ ಕೇಸ್ ಹಿಡಿದುಕೊಂಡಿರುತ್ತದೆ.

ಕ್ರಾಸ್‌ಓವರ್ ಆದರೆ ನಾಲ್ಕೂ ಟಯರಿನ ಗೀರಿನ ಆಳ ಅಳೆಯಿರಿ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಎಂಟರಾಕಾರದಲ್ಲಿ ಓಡಿಸಿ. ಟಕಟಕ ಸದ್ದು ಬಂದರೆ ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ಸಿವಿ ಜಾಯಿಂಟ್ ಸವೆದಿದೆ, ಹಿಂದಿನಿಂದ ಎಳೆದು ಬಿಟ್ಟಂತಾದರೆ ಕ್ಲಚ್. ಎರಡರಲ್ಲೂ ಕಾರ್ಪೆಟ್ ಎತ್ತಿ, ಸೀಟಿನ ರೈಲಿನಲ್ಲಿ, ಬೆಲ್ಟ್ ಪೂರ್ತಿ ಎಳೆದಾಗ ಕೊನೆಯ ಗೇಣುದ್ದದಲ್ಲಿ ಒಣಗಿದ ಕೆಸರಿನ ಗೆರೆ ಇದೆಯೇ ಹುಡುಕಿ. ಇದ್ದರೆ ಅದು ನೀರಲ್ಲಿ ಮುಳುಗಿದ ಗಾಡಿ, ಎಷ್ಟು ಅಗ್ಗವಾದರೂ ಬಿಟ್ಟುಬಿಡಿ.